ಹಡಗಿನ ಗಂಟೆ, ದ್ವೀಪದ ಗಂಟೆ

ಈ ಮನುಷ್ಯ ಪ್ರವಾಸಕ್ಕೆ ಹೊರಟವನೋ, ಇಲ್ಲ ನನ್ನ ತಾಳ್ಮೆ ಪರೀಕ್ಷೆ ಮಾಡಲು ಬಂದವನೋ?

ಮೇಜಿನ ಆಚೆ ಕೂತಿದ್ದವನನ್ನು ನೋಡುತ್ತಾ ಅವಳು ಮೂರನೇ ಸಲ ಹಾಗೆಂದುಕೊಂಡಳು. ಅವನು ಬಂದು ಅರ್ಧ ಗಂಟೆಯಾಗಿತ್ತು. ಬೇರೆಯವರೆಲ್ಲ ಕೋಣೆಯಿಂದ ಸಮುದ್ರ ಕಾಣುತ್ತದೆಯೇ ಎಂದು ಕೇಳುತ್ತಾರೆ. ಇವನು ಕೇಳಿದ್ದು, ಕೋಣೆಯಿಂದ ಸಮುದ್ರಕ್ಕೆ ಎಷ್ಟು ಮೆಟ್ಟಿಲು ಎಂದು.

"ಎಂಟೋ ಹತ್ತೋ ಇರಬಹುದು ಸಾರ್."

"ಎಂಟಾ, ಹತ್ತಾ?"

"ಅಷ್ಟು ಸರಿಯಾಗಿ ಹೇಗೆ ಹೇಳೋದು..."

"ಒಂದೊಂದು ಮೆಟ್ಟಿಲು ಎಷ್ಟು ಎತ್ತರ ಇರತ್ತೆ ಮೇಡಂ?"

ಅವಳು ಪೆನ್ನು ಕೆಳಗಿಟ್ಟಳು. "ದ್ವೀಪಕ್ಕೆ ಜನ ಸಮುದ್ರ ನೋಡೋಕೆ ಹೋಗ್ತಾರೆ ಸಾರ್. ಮೆಟ್ಟಿಲು ಅಳೆಯೋಕಲ್ಲ."

ಹಿಂದಿನ ಮೇಜಿನಿಂದ ಅವಳ ಸೋದರಮಾವ ಕೆಮ್ಮಿದರು. ಆ ಟ್ರಾವೆಲ್ ಆಫೀಸು ಅವರದು. ಗಿರಾಕಿಯ ಮುಂದೆ ನಾಲಿಗೆ ಬಿಗಿ ಹಿಡಿ ಎನ್ನಲು ಅವರು ಬಳಸುತ್ತಿದ್ದದ್ದು ಅದೊಂದೇ ಕೆಮ್ಮು.

ಅವನಿಗೆ ಕೋಪ ಬರಲಿಲ್ಲ. ಬಿಳಿ ಪುಡಿ ಮೆತ್ತಿದ ಬೆರಳುಗಳನ್ನು ಮೇಜಿನ ಅಂಚಿನಿಂದ ಮೆಲ್ಲಗೆ ಹಿಂದೆ ಎಳೆದುಕೊಂಡ.

"ನಮ್ಮಕ್ಕನಿಗೆ ಕಾಲು ಏಳು ಇಂಚಿಗಿಂತ ಮೇಲೆ ಎತ್ತೋಕಾಗಲ್ಲ," ಎಂದ. "ಅದಕ್ಕೇ ಕೇಳಿದೆ."

ಅವಳು ಪೆನ್ನು ಮತ್ತೆ ಕೈಗೆತ್ತಿಕೊಂಡಳು.

"ಕೋಣೆಯಲ್ಲಿ ಎರಡು ಮಂಚ ಬೇರೆ ಬೇರೆ ಇರಲಿ. ಬಾಗಿಲ ಹತ್ತಿರದ್ದು ಅಕ್ಕನಿಗೆ. ನಾಲ್ಕು ದಿನ ದ್ವೀಪ, ಆಮೇಲೆ ಅಲ್ಲಿಂದಲೇ ಏಳು ದಿನದ ಹಡಗು. ಆಗತ್ತಾ?"

"ಆಗತ್ತೆ," ಎಂದಳು ಸಣ್ಣ ದನಿಯಲ್ಲಿ. "ಮೆಟ್ಟಿಲು ನಾಳೆ ಹೇಳ್ತೀನಿ."

ಅವನು ಹೋದ ಮೇಲೆ ಮಾವ ನಕ್ಕರು. "ಏನಮ್ಮಾ, ನಿನ್ನ ಮೆಟ್ಟಿಲಪ್ಪ ನಾಳೆ ಮತ್ತೆ ಬರ್ತಾನಂತಾ?"

"ನನ್ನ ಮೆಟ್ಟಿಲಪ್ಪ ಯಾಕಾಗ್ತಾನೆ ಮಾವ?"

ಆದರೂ ಅವತ್ತೇ ಆ ದ್ವೀಪದ ಗೆಸ್ಟ್‌ಹೌಸಿಗೆ ಫೋನ್ ಮಾಡಿ, ಮಾಲೀಕರನ್ನು ಕಾಡಿ, ಅವರು ಟೇಪು ಹಿಡಿದು ಹೋಗಿ ಅಳೆದು ಬರುವವರೆಗೂ ಫೋನ್ ಇಡಲಿಲ್ಲ. ಒಂಬತ್ತು ಮೆಟ್ಟಿಲು. ಒಂದೊಂದು ಆರು ಇಂಚು.

ಮರುದಿನ ಅದನ್ನು ಕೇಳಿದಾಗ ಅವನ ಮುಖದಲ್ಲಿ ಮೂಡಿದ ಸಮಾಧಾನ... ಸಮುದ್ರವನ್ನೇ ಕೈಗೆ ಕೊಟ್ಟರೂ ಆ ಆಫೀಸಿನ ಬೇರೆ ಯಾವ ಗಿರಾಕಿಯ ಮುಖವೂ ಹಾಗೆ ಅರಳಿರಲಿಲ್ಲ.

ಅವನು ಎರಡು ಬೀದಿ ಆಚೆ ಕನ್ನಡಕದ ಗಾಜು ಉಜ್ಜುವ ಕೆಲಸದವನು; ಬೆರಳಿನ ಬಿಳಿ ಪುಡಿ ಅದರದೇ. ಮಧ್ಯಾಹ್ನ ಊಟದ ಬಿಡುವಿನಲ್ಲಿ ಬರುತ್ತಿದ್ದ. ಬಂದಾಗಲೆಲ್ಲ ಒಂದು ಪ್ರಶ್ನೆ. ಬಚ್ಚಲಲ್ಲಿ ಹಿಡಿದುಕೊಳ್ಳಲು ಕಂಬಿ ಇದೆಯೇ? ದಡದಲ್ಲಿ ಕುರ್ಚಿ ಎತ್ತರವೋ, ತಗ್ಗೋ? ಒಂದೊಂದು ಪ್ರಶ್ನೆಯ ಹಿಂದೆಯೂ ಅಕ್ಕ ಇದ್ದಳು. ಅವನಿಗೆ ಆರು ವರ್ಷವಿದ್ದಾಗ ತಾಯಿ ತೀರಿಕೊಂಡಿದ್ದರು. ಹತ್ತೊಂಬತ್ತರ ಅಕ್ಕ ಶಾಲೆ ಸಮವಸ್ತ್ರ ಹೊಲಿಯುವ ಕಾರ್ಖಾನೆಗೆ ಸೇರಿ, ಕಾಲಿನಲ್ಲಿ ತುಳಿಯುವ ಮಿಷನ್ ಮುಂದೆಯೇ ಮಂಡಿ ಸವೆಸಿದ್ದಳು.

"ಮನೇಲೂ ಅಕ್ಕನಿಗೆ ಒಂದು ಹೊಲಿಗೆ ಮಿಷನ್ ಇದೆ, ಅದರ ಎದುರು ಗೋಡೇಲಿ ಒಂದು ಕ್ಯಾಲೆಂಡರ್ ಇದೆ," ಎಂದ ಒಂದು ದಿನ. "ಒಂದು ತಿಂಗಳ ಹಾಳೇಲಿ ಹಡಗಿನ ಚಿತ್ರ ಇತ್ತು. ಅಕ್ಕ ಆ ಹಾಳೆ ತಿರುಗಿಸಲೇ ಇಲ್ಲ. ಇಪ್ಪತ್ತೆರಡು ವರ್ಷ ಆಯ್ತು, ನಮ್ಮನೇಲಿ ಇನ್ನೂ ಅದೇ ತಿಂಗಳು."

"ಕೇಳಿದ್ರೆ ಏನಂತಾರೆ?"

"ಕೇಳಿಲ್ಲ. ಕೇಳಿದ್ರೆ, ನಂಗ್ಯಾಕೋ ಹಡಗು, ಗೋಡೆ ಬಿರುಕು ಮುಚ್ಚೋಕೆ ಇಟ್ಟಿದೀನಿ ಅಂತಾಳೆ."

ಕೇಳದೆಯೇ ತಿಳಿದುಕೊಳ್ಳುವ ಗಂಡಸರೂ ಇರುತ್ತಾರಾ? ಅವಳು ಕಂಪ್ಯೂಟರ್ ಪರದೆಯ ಕಡೆ ತಿರುಗಿದಳು. ಕಣ್ಣು ತುಂಬಿದ್ದು ಅವನಿಗೆ ಕಾಣಬಾರದಿತ್ತು.

ಆ ದಿನಗಳಿಂದ ಅವಳಿಗೂ ಮೆಟ್ಟಿಲು ಕಾಣತೊಡಗಿದವು. ಬ್ಯಾಂಕಿನದು, ಬಸ್ಸಿನದು, ಔಷಧಿ ಅಂಗಡಿಯದು. ತಮ್ಮ ಆಫೀಸಿನ ಬಾಗಿಲಲ್ಲೇ ಒಂದಿತ್ತು. ಅಳೆದಳು. ಒಂಬತ್ತು ಇಂಚು. ಬಡಗಿಗೆ ಹೇಳಿ ಅದರ ಮೇಲೆ ಇಳಿಜಾರಾಗಿ ಒಂದು ಹಲಗೆ ಹಾಕಿಸಿದಳು. ಮಾವ ಹಲಗೆಯನ್ನೂ ಸೋದರಸೊಸೆಯನ್ನೂ ನೋಡಿದರು. ಕೆಮ್ಮಲಿಲ್ಲ.

ಇನ್ನೊಂದು ಮಾತನ್ನೂ ಅವನಿಗೆ ಹೇಳಿಬಿಟ್ಟಿದ್ದಳು. ಯಾರಿಗೂ ಹೇಳದ್ದು.

"ಎರಡು ವರ್ಷದ ಹಿಂದೆ ತಾರೀಕು ತಪ್ಪು ಬರೆದು ಒಂದು ಇಡೀ ಮನೆಯವರ ಹಡಗು ತಪ್ಪಿಸಿದ್ದೆ. ಅವತ್ತಿಂದ ಮಾವ ನನಗೆ ಟಿಕೆಟ್ ಅಚ್ಚು ಹಾಕೋದು ಬಿಟ್ರೆ ಬೇರೇನೂ ಕೊಟ್ಟಿಲ್ಲ. ನಾನೊಬ್ಬಳೇ ಮಾಡ್ತಿರೋ ಮೊದಲನೇ ಪ್ರವಾಸ ನಿಮ್ಮದೇ. ಸರಿಹೋದ್ರೆ ಈ ಮೇಜು ನನ್ನದು. ಹೆದರಿಕೆ ಆಯ್ತಾ?"

"ಇಲ್ಲ," ಎಂದ. "ಗಾಜು ಒಡೆದವನೇ ಗಾಜನ್ನ ಸರಿಯಾಗಿ ಹಿಡಿಯೋದು."

ಅವಳು ಆ ಮಾತನ್ನು ಮನೆಗೆ ಒಯ್ದು, ರಾತ್ರಿಯಿಡೀ ಜೊತೆಯಲ್ಲಿಟ್ಟುಕೊಂಡಳು.

ಹೊರಡುವ ಹಿಂದಿನ ದಿನ ಪ್ರವಾಸದ ಹಾಳೆ ಅವನ ಕೈಗೆ ಕೊಟ್ಟಳು. ಯಾವ ದಿನ, ಯಾವ ಗಂಟೆಗೆ, ಎಲ್ಲಿ, ಎಲ್ಲವೂ ಅದರಲ್ಲಿತ್ತು. ಕೊಡುವ ಮುನ್ನ ಮತ್ತೆ ಮತ್ತೆ ನೋಡಿದ್ದಳು.

ಆ ನೋಡುವುದರಲ್ಲೇ ಎಡವಟ್ಟಾಯಿತು.

ಹಡಗಿಗೆ ತನ್ನದೇ ಸಮಯ. ಹೊರಟ ಬಂದರಿನ ಗಡಿಯಾರವನ್ನೇ ದಾರಿಯುದ್ದಕ್ಕೂ ಇಟ್ಟುಕೊಳ್ಳುತ್ತದೆ. ದ್ವೀಪದ ಗಡಿಯಾರ ಅದಕ್ಕಿಂತ ಒಂದು ಗಂಟೆ ಮುಂದೆ. ಹತ್ತಲು ಹಡಗಿನವರು ಕೊಟ್ಟ ಕೊನೆಯ ಸಮಯ ಮೂರು ಗಂಟೆ. ಅಂದರೆ ದ್ವೀಪದಲ್ಲಿ ನಾಲ್ಕಾದಾಗ ಹತ್ತುವ ಬಾಗಿಲು ಮುಚ್ಚುತ್ತದೆ. ಅವಳಿಗೆ ಇದು ಗೊತ್ತಿತ್ತು. ಮೊದಲ ದಿನವೇ ಮೂರನ್ನು ನಾಲ್ಕು ಮಾಡಿದ್ದಳು. ಕೊನೆಯ ಸಲ ನೋಡುವಾಗ, ಅಯ್ಯೋ, ದ್ವೀಪದ ಗಂಟೆಗೆ ತಿದ್ದಿಲ್ಲವಲ್ಲ ಎಂದುಕೊಂಡು ಇನ್ನೊಂದು ಗಂಟೆ ಸೇರಿಸಿದಳು.

ಹಾಳೆಯಲ್ಲಿ ಐದು ಎಂದಾಯಿತು.

ಇದು ಅವಳಿಗೆ ತಿಳಿದದ್ದು ಅವರು ಹಡಗು ಹತ್ತಬೇಕಾದ ದಿನ, ಫೈಲಿಗೆ ಹಾಕಲು ಆ ಹಾಳೆಯ ಪ್ರತಿ ತೆಗೆದಾಗ. ಅಷ್ಟರಲ್ಲಿ ದ್ವೀಪದಲ್ಲಿ ನಾಲ್ಕು ದಾಟಿ ಹತ್ತು ನಿಮಿಷವಾಗಿತ್ತು.

"ಮಾವ..." ಅವಳು ಎದ್ದು ಹೋದಳು. ಹಾಳೆಯನ್ನು ಅವರ ಮುಂದಿಟ್ಟಳು. "ನಾನು ಮತ್ತೆ ತಪ್ಪಿಸಿಬಿಟ್ಟೆ."

ಇಪ್ಪತ್ತೆರಡು ವರ್ಷದ ಆ ಕ್ಯಾಲೆಂಡರ್ ಹಾಳೆ. ದಡದಲ್ಲಿ ಅಕ್ಕ. ದೂರ ಹೋಗುತ್ತಿರುವ ಹಡಗು...

ಮಾವ ಗೆಸ್ಟ್‌ಹೌಸಿಗೆ ಫೋನ್ ಹಚ್ಚಿದರು. ಮಾಲೀಕರ ದನಿ ಮೇಜಿನ ಈಚೆಗೂ ಕೇಳಿಸಿತು. "ಅಕ್ಕ ತಮ್ಮಾನಾ? ಅವರು ಮಧ್ಯಾಹ್ನವೇ ಹೊರಟರಲ್ಲ. ಹಡಗು ಹತ್ತಿಸಿಯೇ ನಮ್ಮ ಡ್ರೈವರ್ ವಾಪಸ್ ಹೊರಟಿದಾನೆ."

ಅವಳು ಕುರ್ಚಿಯಲ್ಲಿ ಕುಸಿದು ಅತ್ತಳು. ಅತ್ತು ಮುಗಿದ ಮೇಲೆ ಇನ್ನೊಂದು ಯೋಚನೆ ಬಂತು. ಐದಕ್ಕೆ ಎಂದಿದ್ದ ಹಾಳೆ ಹಿಡಿದು ಮಧ್ಯಾಹ್ನವೇ ಯಾಕೆ ಹೊರಟ? ಅಂದರೆ ಅವನಿಗೆ ತಪ್ಪು ಗೊತ್ತಾಗಿದೆ.

"ಗಿರಾಕಿ ಏನಂತಾನೋ ನೋಡೋಣ," ಎಂದರು ಮಾವ. "ದೂರು ಬಂದ್ರೆ ಮತ್ತೆ ಅಚ್ಚು ಹಾಕೋ ಕೆಲಸ ನಿಂದು. ನಾನೇನೂ ಮಾಡೋಕಾಗಲ್ಲಮ್ಮ."

ಮೇಜು ಹೋಗಲಿ. ಅವನು ಇನ್ನು ಬರದಿದ್ದರೆ?

ಹಡಗು ಮರಳಿ ವಾರವಾದರೂ ಅವನು ಬರಲಿಲ್ಲ. ಊಟದ ಬಿಡುವಿನಲ್ಲಿ ಬಾಗಿಲು ಸದ್ದಾದರೆ ಸಾಕು, ತಲೆಯೆತ್ತಿ ನೋಡುತ್ತಿದ್ದಳು. ಮುಖ ನೋಡಲೂ ಇಷ್ಟವಿಲ್ಲ ಅವನಿಗೆ, ಎಂದುಕೊಂಡಳು. ಯಾಕಿರಬೇಕು ಇಷ್ಟ?

ಎಂಟನೆಯ ದಿನ ಹಲಗೆಯ ಮೇಲೆ ನಿಧಾನವಾದ ಹೆಜ್ಜೆ ಸದ್ದು ಕೇಳಿತು.

ನರೆಗೂದಲಿನ ಹೆಂಗಸೊಬ್ಬರು ತಮ್ಮನ ತೋಳು ಹಿಡಿದು ಒಳಗೆ ಬಂದರು. ಬಿಸಿಲಿಗೆ ಇಬ್ಬರ ಮೂಗೂ ಸುಲಿದಿತ್ತು.

"ಈ ಹಲಗೆ ಯಾರು ಹಾಕಿಸಿದ್ದು?" ಅಕ್ಕ ಕೇಳಿದರು.

"ನಾನೇ ಅಕ್ಕಾ."

"ಹಂಗಾದ್ರೆ ನೀನೇ ಅವಳು," ಎಂದು ಅವಳ ಕೈ ಹಿಡಿದುಕೊಂಡರು. "ಏಳು ದಿನ ಹಡಗಲ್ಲಿ ಇವನ ಬಾಯಲ್ಲಿ ಎರಡೇ ಮಾತು. ಅಕ್ಕಾ, ಹುಷಾರು. ಅಕ್ಕಾ, ಆ ಮೇಡಂ ಎಷ್ಟು ಚೆನ್ನಾಗಿ ಮಾಡಿಕೊಟ್ಟಿದಾರೆ ನೋಡು."

"ಅಕ್ಕಾ..." ಎಂದ ಅವನು.

ಮಾವ ಎದ್ದು ಬಂದರು. "ಎಲ್ಲಾ ಸರಿಹೋಯ್ತಾ ಸಾರ್? ಹಡಗಿನ ಗಂಟೆ, ದ್ವೀಪದ ಗಂಟೆ... ಅಲ್ಲಿ ಸ್ವಲ್ಪ ಗಲಿಬಿಲಿ ಆಗೋದುಂಟು."

ಅವಳು ಅವನ ಮುಖ ನೋಡಿದಳು.

"ಹಾಳೇಲಿ ಬರೆದ ಹಾಗೇ ಆಯ್ತು," ಎಂದ ಅವನು. "ನಿಮಿಷವೂ ಆಚೀಚೆ ಇಲ್ಲ."

"ಹೌದಪ್ಪ," ಎಂದರು ಅಕ್ಕ. "ಹಿಂದಿನ ದಿನ ಇವನೊಬ್ಬನೇ ಬಂದರಿಗೆ ಹೋಗಿ ಮೆಟ್ಟಿಲು ಎಣಿಸಿ ಬಂದ. ಬಂದವನೇ, ಹಾಳೇಲಿ ಮಧ್ಯಾಹ್ನವೇ ಹೊರಡಬೇಕು ಅಂತಿದೆ ಅಂದ."

ಬಂದರಿನಲ್ಲಿ ಬೋರ್ಡ್ ಇರುತ್ತದೆ, ಹತ್ತುವ ಬಾಗಿಲು ಮುಚ್ಚುವ ಗಂಟೆ ಬರೆದದ್ದು. ಅವಳಿಗೆ ಎಲ್ಲವೂ ತಿಳಿಯಿತು. ಮಾವನಿಗೂ ತಿಳಿಯಿತು. ಅವರು ಒಂದು ಸಲ ಕೆಮ್ಮಿ, "ಬನ್ನಿ ಅಕ್ಕ, ಆ ದ್ವೀಪ ಹೇಗಿತ್ತು ಹೇಳಿ," ಎಂದು ಅಕ್ಕನನ್ನು ತಮ್ಮ ಮೇಜಿಗೆ ಕರೆದೊಯ್ದರು.

"ಆ ಹಾಳೆ ಕೊಡ್ತೀರಾ?" ಎಂದಳು ಮೆಲ್ಲಗೆ. "ಫೈಲಿಗೆ ಬೇಕು."

"ಗಾಳಿಗೆ ಹಾರಿಹೋಯ್ತು. ಹಡಗಲ್ಲಿ ಗಾಳಿ ಜಾಸ್ತಿ."

"ಯಾಕೆ ಇಷ್ಟು ದಿನ ಬರಲಿಲ್ಲ?"

"ಹತ್ತಾರು ಕನ್ನಡಕ ಬಾಕಿ ಬಿದ್ದಿದ್ವು. ಮತ್ತೆ... ಬಂದು ಏನು ಕೇಳಬೇಕು ಅಂತ ಯೋಚಿಸ್ತಿದ್ದೆ. ಅಳೆಯೋಕೆ ಬರದ ಪ್ರಶ್ನೆ."

ಅವಳಿಗೆ ತಡೆಯಲಾಗಲಿಲ್ಲ. "ನೋಡಿ, ಆ ಹಾಳೇಲಿ ನಾನು..."

"ಇನ್ನೊಂದು ಪ್ರವಾಸ ಹಾಕಿಕೊಡ್ತೀರಾ ಮೇಡಂ?" ಎಂದ, ನಡುವೆ ತಡೆದು. "ಅದೇ ದ್ವೀಪ. ಅದೇ ಹಡಗು."

"ಎಷ್ಟು ಜನಕ್ಕೆ?"

"ಇಬ್ಬರಿಗೆ. ಒಬ್ಬರು ಎಲ್ಲರನ್ನೂ ದ್ವೀಪಕ್ಕೆ ಕಳಿಸ್ತಾರೆ, ತಾವು ಮಾತ್ರ ಒಂದು ಸಲವೂ ನೋಡಿಲ್ವಂತೆ."

ಅವಳು ಪೆನ್ನು ತೆಗೆದುಕೊಂಡಳು. ಅಕ್ಷರಗಳು ಮಂಜಾಗಿದ್ದವು. "ಮೆಟ್ಟಿಲು?"

"ಎಷ್ಟಿದ್ದರೂ ಆಗತ್ತೆ."

"ಮಂಚ... ಎರಡು ಬೇರೆ ಬೇರೇನಾ?"

ಅವನ ಕಿವಿ ಕೆಂಪಾಯಿತು. "ಅದನ್ನ ನೀವೇ ಹೇಳಬೇಕು."

ಅವಳು ಹಾಳೆಯ ಮೇಲೆ ಏನೋ ಬರೆದು ಅವನ ಕಡೆಗೆ ತಳ್ಳಿದಳು. ಅವನು ಓದಿದ. ಓದಿ, ಬಿಳಿ ಪುಡಿಯ ಆ ಬೆರಳುಗಳನ್ನು ಈ ಸಲ ಹಿಂದೆ ಎಳೆದುಕೊಳ್ಳಲಿಲ್ಲ.

ಮೇಜು ಅವಳದಾಯಿತು. ಮುಂದಿನ ವರ್ಷ ಅವರಿಬ್ಬರೂ ಆ ದ್ವೀಪಕ್ಕೆ ಹೋದರು. ಒಂಬತ್ತು ಮೆಟ್ಟಿಲನ್ನೂ ಅವಳು ಎಣಿಸುತ್ತಲೇ ಇಳಿದಳು. ಬಂದರಿನ ಬೋರ್ಡಿನ ಎದುರು ಅವನ ಕೈ ಹಿಡಿದು ಸ್ವಲ್ಪ ಹೊತ್ತು ನಿಂತಳು, ಈಗಲಾದರೂ ಹೇಳುತ್ತಾನೇನೋ ಎಂದು.

"ಬಿಸಿಲು ಜಾಸ್ತಿ, ಬಾ," ಎಂದ ಅವನು.

ಹಾಳೆಯಲ್ಲಿ ಐದು ಎಂದಿತ್ತು, ಹಡಗಿನ ಬಾಗಿಲು ಮುಚ್ಚಿದ್ದು ನಾಲ್ಕಕ್ಕೆ. ಅದನ್ನು ಅವನು ಅವಳಿಗೆ ಎಂದೂ ಹೇಳಲಿಲ್ಲ.