ಮನೆಯ ಯಜಮಾನರಿಗೆ ಮಾತ್ರ

ಎಣ್ಣೆಗಾಣದ ಬೀದಿಯ ಹದಿನೇಳನೆಯ ಮನೆಯಲ್ಲಿ ಬೆಳಿಗ್ಗೆ ಆರು ಗಂಟೆಗೆ ಯಾರೋ ಬಚ್ಚಲಿಗೆ ಹೋಗಿ ಬಂದರು. ನೀರು ಸುರಿದ ಸದ್ದಾಯಿತು. ಆ ನೀರು ಕೊಳವೆಯಲ್ಲಿ ಇಳಿದು ಬೀದಿಯ ಒಳಚರಂಡಿಯನ್ನು ಸೇರುವ ತಿರುವಿನಲ್ಲಿ, ಅಂಗೈಯಗಲದ ಉಕ್ಕಿನ ಬಿಲ್ಲೆಯೊಂದು ಅದರಿಂದ ಒಂದು ಹನಿಯನ್ನು ಹೀರಿಕೊಂಡಿತು. ಹನಿಯಲ್ಲಿದ್ದ ಉಪ್ಪು, ಸಕ್ಕರೆ, ರೋಗಾಣು, ಔಷಧದ ಶೇಷ ಎಲ್ಲವನ್ನೂ ಅರೆ ನಿಮಿಷದಲ್ಲಿ ಅಳೆದು, ಹಿರೇಕಟ್ಟೆ ನಗರಸಭೆಯ ನೆಲಮಾಳಿಗೆಯಲ್ಲಿದ್ದ ಗಣಕಕ್ಕೆ ಲೆಕ್ಕ ಒಪ್ಪಿಸಿತು. ಹೋಗಿ ಬಂದವರು ಇನ್ನೂ ಹಲ್ಲುಜ್ಜಿರಲಿಲ್ಲ.

ಸರ್ಕಾರಿ ಕಡತಗಳಲ್ಲಿ ಈ ಬಿಲ್ಲೆಯ ಹೆಸರು ‘ಗೃಹದ್ರವ ಶೋಧಕ’. ಊರವರು ಅದಕ್ಕೆ ಚಾಡಿಪೆಟ್ಟಿಗೆ ಎಂದು ನಾಮಕರಣ ಮಾಡಿ ಮುಗಿಸಿದ್ದರು. ನಾಲ್ಕು ವರ್ಷಗಳ ಹಿಂದೆ ಕಾಮಾಲೆ ಹರಡಿ ಊರಿನಲ್ಲಿ ನಲವತ್ತೊಂದು ಜನ ಸತ್ತಾಗ, ರೋಗ ಯಾವ ಮನೆಯಿಂದ ಹೊರಟಿತೆಂದು ಪತ್ತೆಹಚ್ಚಲು ಡಾ. ಅನಂತಶಯನ ಇದನ್ನು ಕಂಡುಹಿಡಿದರು. ಕಾಮಾಲೆ ಹೋಯಿತು, ಬಿಲ್ಲೆ ಉಳಿಯಿತು. ಎಲ್ಲವನ್ನೂ ಕಾಣಬಲ್ಲ ಯಂತ್ರಕ್ಕೆ ಬರೀ ಕಾಮಾಲೆಯನ್ನು ಹುಡುಕುವ ಕೆಲಸ ಕೊಡುವುದು ದಂಡವೆಂದು ಯಾರಿಗೋ ಅನ್ನಿಸಿತು. ಕ್ಷಯ ಸೇರಿತು, ಸಕ್ಕರೆ ಕಾಯಿಲೆ ಸೇರಿತು, ಬಸಿರು ಸೇರಿತು, ಕೊನೆಗೆ ಜನ ಗುಟ್ಟಾಗಿ ನುಂಗುವ ಗುಳಿಗೆಗಳೆಲ್ಲ ಒಂದೊಂದಾಗಿ ಪಟ್ಟಿಗೆ ಬಂದವು.

ಕೆಲವರು ನ್ಯಾಯಾಲಯಕ್ಕೆ ಹೋದರು. ವ್ಯಕ್ತಿಯ ದೇಹದ ಗುಟ್ಟು ಸರ್ಕಾರಕ್ಕೆ ತಿಳಿಯಕೂಡದೆಂದು ತೀರ್ಪು ಬಂತು. ಅನಂತಶಯನರು ಅದಕ್ಕೂ ದಾರಿ ಕಂಡುಕೊಂಡರು. ಯಂತ್ರವೇ ತಿಂಗಳಿಗೊಮ್ಮೆ ವರದಿಯನ್ನು ಅಚ್ಚುಹಾಕಿ, ಲಕೋಟೆಗೆ ತುಂಬಿ, ಅಂಟಿಸಿಬಿಡುತ್ತಿತ್ತು. ಅದರಲ್ಲಿ ಯಾರ ಹೆಸರೂ ಇರುತ್ತಿರಲಿಲ್ಲ, ‘ಈ ಮನೆಯ ನಿವಾಸಿಗಳಲ್ಲಿ ಒಬ್ಬರು’ ಎಂದಷ್ಟೇ. ಲಕೋಟೆಯ ಮೇಲೆ ಕೆಂಪು ಅಕ್ಷರದಲ್ಲಿ ‘ಮನೆಯ ಯಜಮಾನರಿಗೆ ಮಾತ್ರ’ ಎಂದಿರುತ್ತಿತ್ತು. ಪಡಿತರ ಚೀಟಿಯಲ್ಲಿ ಯಾರ ಹೆಸರು ಮೊದಲಿದೆಯೋ ಅವರೇ ಯಜಮಾನರು. ಆ ಒಬ್ಬರು ಯಾರೆಂಬುದನ್ನು ಅವರೇ ವಿಚಾರಿಸಿ, ಚಿಕಿತ್ಸೆಯ ದೃಷ್ಟಿಯಿಂದ ಘೋಷಣಾ ಪತ್ರದಲ್ಲಿ ಬರೆದುಕೊಡಬೇಕು. ಯಜಮಾನರು ತಾವಾಗಿ ತಿಳಿಸಿದ ಮೇಲೆ ಅದು ಗೌಪ್ಯತೆಯ ಉಲ್ಲಂಘನೆ ಹೇಗಾದೀತು? ಗೃಹಗೌಪ್ಯತಾ ಕಾಯ್ದೆ ಎಂಬ ಹೆಸರಿನಲ್ಲಿ ಇದೆಲ್ಲ ಅಂಗೀಕಾರವಾಯಿತು. ತಾವಾಗಿ ತಿಳಿಸದಿದ್ದವರಿಗೂ ತಪ್ಪು ತಿಳಿಸಿದವರಿಗೂ ಮೂರು ವರ್ಷ ಸೆರೆ ಎಂಬ ಸಾಲು ಅದೇ ಕಾಯ್ದೆಯ ಕೊನೆಯ ಪುಟದಲ್ಲಿತ್ತು.

ಈ ಲಕೋಟೆಗಳನ್ನು ಮನೆಮನೆಗೆ ಮುಟ್ಟಿಸುವ ಕೆಲಸ ಗಂಗಾಂಬಿಕೆಯದು. ಆಕೆಗೆ ನಲವತ್ತಾರು ವರ್ಷ, ಇಪ್ಪತ್ತೆರಡು ವರ್ಷದಿಂದ ನಗರಸಭೆಯಲ್ಲಿ ನೌಕರಿ. ಲಕೋಟೆ ಒಡೆದರೆ ಕೆಲಸ ಹೋಗುತ್ತಿತ್ತು. ಆದರೆ ಒಡೆಯುವ ಅಗತ್ಯವೇ ಇರಲಿಲ್ಲ. ದೋಷವಿಲ್ಲದ ಮನೆಗೆ ಒಂದು ಹಾಳೆ, ಏನಾದರೂ ಸಿಕ್ಕಿದ ಮನೆಗೆ ಘೋಷಣಾ ಪತ್ರವೂ ಸೇರಿ ಎರಡು ಹಾಳೆ. ಹೆಬ್ಬೆರಳಿನಿಂದ ಸವರಿದರೆ ಸಾಕು, ಗಂಗಾಂಬಿಕೆಗೆ ತಿಳಿದುಹೋಗುತ್ತಿತ್ತು. ಕಾಯ್ದೆ ಬರೆದವರು ಗುಮಾಸ್ತೆಯ ಬೆರಳುಗಳನ್ನು ಗಣನೆಗೆ ತೆಗೆದುಕೊಂಡಿರಲಿಲ್ಲ. ದಪ್ಪ ಲಕೋಟೆ ಹೋದ ಮನೆಗಳಲ್ಲಿ ಆಮೇಲೆ ಏನಾಯಿತೆಂಬುದೂ ಅವಳಿಗೆ ಗೊತ್ತಿತ್ತು. ಕುಂಬಾರಗೇರಿಯಲ್ಲಿ ಒಬ್ಬ ಹುಡುಗಿ ಕಾಲೇಜು ಬಿಟ್ಟು ಕೋಣೆ ಸೇರಿದ್ದಳು. ಕೋಟೆ ಬೀದಿಯ ಒಂದು ಮನೆಯಲ್ಲಿ ಕ್ಷಯಕ್ಕೆ ಔಷಧ ತೆಗೆದುಕೊಳ್ಳುತ್ತಿದ್ದ ಚಿಕ್ಕಪ್ಪನ ತಟ್ಟೆ ಲೋಟ ಹಿತ್ತಿಲ ಕೊಟ್ಟಿಗೆಗೆ ಹೋಗಿದ್ದವು, ಹಿಂದೆಯೇ ಚಿಕ್ಕಪ್ಪನೂ ಹೋಗಿದ್ದ.

ಬೀದಿಯಿಂದ ಬೀದಿಗೆ ಬಿಲ್ಲೆ ಕೂರಿಸುತ್ತಾ ಬಂದವರು ಎಣ್ಣೆಗಾಣದ ಬೀದಿಗೂ ಬಂದರು. ಅಲ್ಲಿಯ ಹದಿನೇಳನೆಯ ಮನೆಗೆ ಗಂಗಾಂಬಿಕೆಯ ತಂಗಿ ಸರ್ವಮಂಗಳೆಯನ್ನು ಕೊಟ್ಟಿತ್ತು. ತಾಯಿತಂದೆ ಇಲ್ಲದ ತಂಗಿಯನ್ನು ಸಾಕಿ, ಗಂಡು ನೋಡಿ, ಧಾರೆಯೆರೆಸಿದವಳು ಗಂಗಾಂಬಿಕೆಯೇ. ಮಂಗಳೆಗೆ ಹನ್ನೆರಡನೆಯ ವಯಸ್ಸಿನಿಂದ ಮೂರ್ಛೆರೋಗವಿತ್ತು. ದಿನಕ್ಕೆರಡು ಗುಳಿಗೆ ನುಂಗಿದರೆ ಅದು ತೆಪ್ಪಗಿರುತ್ತಿತ್ತು. ಎರಡು ಸಂಬಂಧಗಳು ಈ ವಿಷಯ ತಿಳಿದು ಮುರಿದುಹೋದ ಮೇಲೆ, ಮೂರನೆಯದಕ್ಕೆ ಗಂಗಾಂಬಿಕೆ ಬಾಯಿ ಬಿಡಲಿಲ್ಲ. ಮದುವೆಯಾಗಿ ಎರಡು ವರ್ಷ. ಮಂಗಳೆ ಗುಳಿಗೆಯನ್ನು ಕುಪ್ಪಸದ ಬಟ್ಟೆಗಳ ನಡುವೆ ಬಚ್ಚಿಟ್ಟು ನುಂಗಿಕೊಂಡು ಬಂದಿದ್ದಳು.

“ಒಂದು ತಿಂಗಳು ನಿಲ್ಸಿಬಿಡೇ,” ಎಂದು ಗಂಗಾಂಬಿಕೆ ತಂಗಿಗೆ ಹೇಳಿದ್ದಳು. “ಮೊದಲನೇ ಕಾಗದ ಬಂದುಹೋಗ್ಲಿ. ಆಮೇಲೆ ಏನಾದ್ರೂ ದಾರಿ ನೋಡೋಣ.”

“ಬಿದ್ದುಬಿಟ್ರೆ ಅಕ್ಕಾ?”

“ಇಷ್ಟು ವರ್ಷ ಬಿದ್ದಿಲ್ಲ, ಒಂದ್ ತಿಂಗಳಲ್ಲಿ ಬೀಳ್ತೀಯಾ?”

ಗುಳಿಗೆ ಇದ್ದದ್ದರಿಂದಲೇ ಬಿದ್ದಿರಲಿಲ್ಲವೆಂಬುದು ಇಬ್ಬರಿಗೂ ಗೊತ್ತಿತ್ತು. ಇಬ್ಬರೂ ಅದನ್ನು ಆಡಲಿಲ್ಲ.

ಗುಳಿಗೆ ನಿಂತ ಇಪ್ಪತ್ತನೆಯ ದಿನ ಹದಿನೇಳನೆಯ ಮನೆಯ ಲಕೋಟೆ ಅವಳ ಕೈಗೆ ಬಂತು. ಹೆಬ್ಬೆರಳಿನಿಂದ ಸವರಿದಳು. ಎರಡು ಹಾಳೆಯಿತ್ತು.

ಅವಳು ನೇರವಾಗಿ ನೆಲಮಾಳಿಗೆಗೆ ಇಳಿದುಹೋದಳು. ಅನಂತಶಯನರು ಗಣಕದ ಮುಂದೆ ಕೂತು ಮಂಡಕ್ಕಿ ತಿನ್ನುತ್ತಿದ್ದರು. ಕೇಳಿದವರಿಗೆ ಬೇಸರವಿಲ್ಲದೆ ವಿವರಿಸುವ ಒಳ್ಳೆಯ ಮನುಷ್ಯ. ಮೂವತ್ತು ವರ್ಷದಿಂದ ಸರ್ಕಾರಿ ವಸತಿಗೃಹದಲ್ಲಿ ಒಬ್ಬರೇ ಇದ್ದರು.

“ಸಾರ್, ಒಂದು ಸಂದೇಹ. ಯಾರಾದ್ರೂ ಗುಳಿಗೆ ತಗೊಳ್ಳೋದು ನಿಲ್ಸಿಬಿಟ್ರೆ, ಯಂತ್ರಕ್ಕೆ ಎಷ್ಟು ದಿನದ ತನಕ ಗೊತ್ತಾಗತ್ತೆ?”

“ಒಂದು ವಾರ ಅಂತ ಇಟ್ಕೊಳ್ಳಿ. ಔಷಧಾನ ಮೂತ್ರಪಿಂಡ ದಿನಾ ಅಷ್ಟಷ್ಟು ಹೊರಗೆ ಹಾಕ್ತಾ ಇರತ್ತೆ. ವಾರ ಕಳೆದ ಮೇಲೆ ಅಳೆಯೋದಕ್ಕೆ ಏನೂ ಉಳಿಯಲ್ಲ.”

“ಯಂತ್ರ ತಪ್ಪು ಮಾಡಲ್ವಾ?”

“ಇದುವರೆಗೂ ಮಾಡಿಲ್ಲಮ್ಮ.” ಅವರಿಗೆ ಹುರುಪು ಬಂತು. “ಅದರ ಸೊಗಸು ಏನು ಗೊತ್ತಾ? ಅದಕ್ಕೆ ಮನುಷ್ಯರು ಗೊತ್ತಿಲ್ಲ, ತೂಕ ಮಾತ್ರ ಗೊತ್ತು. ಒಬ್ಬರು ನುಂಗೋವಷ್ಟು ಔಷಧ ಸಿಕ್ಕಿದ್ರೆ ‘ಒಬ್ಬರು’ ಅಂತ ಬರೆಯತ್ತೆ. ಅದಕ್ಕಿಂತ ಹೆಚ್ಚಾದ್ರೆ ‘ಇಬ್ಬರು’. ಗಂಡೋ ಹೆಣ್ಣೋ, ಮುದುಕರೋ ಮಕ್ಕಳೋ, ಅದಕ್ಕೆ ಏನೂ ತಿಳಿಯಲ್ಲ. ಗೌಪ್ಯತೆ ಅಂದ್ರೆ ಅದೇ ಅಲ್ವಾ?”

“ಹೊರಗಿನವರಿಗೆ ಗೊತ್ತಾಗಲ್ಲ, ಸರಿ ಸಾರ್. ಮನೆಯವರಿಗೇ ಗೊತ್ತಾಗಬಾರದು ಅಂತ ಇದ್ದೋರಿಗೆ?”

ಅನಂತಶಯನರು ಮಂಡಕ್ಕಿ ಹಿಡಿದ ಕೈಯನ್ನು ಹಾಗೆಯೇ ನಿಲ್ಲಿಸಿ ಅವಳನ್ನು ನೋಡಿದರು. ಅವರಿಗೆ ಪ್ರಶ್ನೆ ನಿಜವಾಗಿಯೂ ಅರ್ಥವಾಗಿರಲಿಲ್ಲ.

“ಮನೆಯವರ ಹತ್ರ ಮುಚ್ಚಿಡೋದು ಏನಿರತ್ತಮ್ಮ?” ಎಂದರು.

ಗಂಗಾಂಬಿಕೆ ಮೆಟ್ಟಿಲು ಹತ್ತಿ ಮೇಲೆ ಬಂದಳು. ಮಂಗಳೆ ಹೇಳಿದ ಮಾತು ಮೀರುವವಳಲ್ಲ. ಹಾಗಾದರೆ ಮಾವನಿಗೋ ಗಂಡನಿಗೋ ಸಕ್ಕರೆ ಕಾಯಿಲೆ ಇರಬೇಕು ಎಂದು ಸಮಾಧಾನ ಮಾಡಿಕೊಂಡಳು. ಹದಿನೇಳನೆಯ ಮನೆಯ ಬಾಗಿಲು ತಲುಪುವವರೆಗೂ ಆ ಸಮಾಧಾನ ಉಳಿದಿತ್ತು.

ಲಕೋಟೆ ಹಂಚುವುದು ಭಾನುವಾರ, ಯಜಮಾನರು ಮನೆಯಲ್ಲಿ ಸಿಗಲೆಂದು. ಮಂಗಳೆಯ ಮಾವ ಶಿವನಂಜಪ್ಪ ಹೈಸ್ಕೂಲಿನ ಮುಖ್ಯೋಪಾಧ್ಯಾಯರಾಗಿ ನಿವೃತ್ತರಾದವರು. ಅನ್ಯಾಯಕ್ಕೆ ಹೋದವರಲ್ಲ, ಆದರೆ ರೂಲುಕಟ್ಟಿಗೆ ಹಿಡಿದು ಗೆರೆ ಎಳೆದಂತೆ ಬದುಕಿದವರು. ಅವರು ಮೊಬೈಲಿಗೆ ಬಂದಿದ್ದ ಸಂದೇಶ ನೋಡಿ ಕಾಯುತ್ತಿದ್ದರು.

“ಬನ್ನಿ ಬೀಗರೇ, ನಮ್ಮ ಮನೆಗೂ ತಂದ್ರಾ ಕಾಗದಾನ?” ಎಂದು ನಕ್ಕು, ರುಜು ಹಾಕಿ, ಲಕೋಟೆ ಒಡೆದರು. ಮಗ ರೇಣುಕಪ್ರಸಾದ ಕುರ್ಚಿಯಲ್ಲಿದ್ದ. ಅಡುಗೆಮನೆಯ ಬಾಗಿಲಲ್ಲಿ ಮಂಗಳೆ, ಅವಳ ಹಿಂದೆ ಅತ್ತೆ ಗುರುಶಾಂತಮ್ಮ ನಿಂತಿದ್ದರು. ಶಿವನಂಜಪ್ಪ ಪಾಠದ ಧ್ವನಿಯಲ್ಲಿ ಓದತೊಡಗಿದರು.

“ಈ ಮನೆಯ ನಿವಾಸಿಗಳಲ್ಲಿ ಒಬ್ಬರು ಮೂರ್ಛೆರೋಗದ ಔಷಧವನ್ನು ದಿನಕ್ಕೆ ಎರಡು ಗುಳಿಗೆಗಳ ಪ್ರಮಾಣದಲ್ಲಿ ಸೇವಿಸುತ್ತಿರುವುದು ಕಂಡುಬಂದಿದೆ. ನಿನ್ನೆಯ ಮಾದರಿಯಲ್ಲೂ ಇದು ದೃಢಪಟ್ಟಿದೆ. ಒಂದೇ ಮನೆಯಲ್ಲಿ ಇಬ್ಬರು ಪತ್ತೆಯಾದಲ್ಲಿ ಆ ಮನೆಯನ್ನು ವಂಶರೋಗದ ಪಟ್ಟಿಗೆ ಸೇರಿಸಲಾಗುವುದು.”

ದಿನಕ್ಕೆ ಎರಡು. ಮಂಗಳೆ ನುಂಗುತ್ತಿದ್ದದ್ದೂ ಅಷ್ಟೇ, ಆದರೆ ಅವಳು ಬಿಟ್ಟು ಇಪ್ಪತ್ತು ದಿನವಾಗಿತ್ತು. ಗಂಗಾಂಬಿಕೆ ತಲೆಯೆತ್ತಿದಳು. ಗುರುಶಾಂತಮ್ಮ ಬಾಗಿಲ ಪಟ್ಟಿಯನ್ನು ಎರಡು ಕೈಯಿಂದಲೂ ಹಿಡಿದುಕೊಂಡಿದ್ದರು. ಅವರ ಮುಖದಲ್ಲಿದ್ದ ಭಯವನ್ನು ಗಂಗಾಂಬಿಕೆ ತಂಗಿಯ ಮುಖದಲ್ಲಿ ಹನ್ನೆರಡು ವರ್ಷ ನೋಡಿದ್ದಳು. ಅವಳಿಗೆ ಎಲ್ಲವೂ ತಿಳಿದುಹೋಯಿತು.

ಶಿವನಂಜಪ್ಪ ಸೊಸೆಯ ಕಡೆ ತಿರುಗಿದರು. ಮಡದಿಯ ಕಡೆ ಅವರ ಕಣ್ಣು ಹೋಗಲೂ ಇಲ್ಲ.

“ನೀನೇನಮ್ಮ?” ಎಂದರು. ಆಮೇಲೆ ಗಂಗಾಂಬಿಕೆಗೆ, “ಗೊತ್ತಿದ್ದೂ ಮುಚ್ಚಿಟ್ಟು ಕೊಟ್ರಾ ನಮಗೆ?”

ತಂಗಿಯನ್ನು ಉಳಿಸುವ ಮಾತು ಗಂಗಾಂಬಿಕೆಯ ನಾಲಿಗೆಯ ತುದಿಯಲ್ಲೇ ಇತ್ತು. ಅದನ್ನು ಆಡಿದರೆ ಯಾರು ಸಿಕ್ಕಿಬೀಳುತ್ತಾರೆಂಬುದೂ ಗೊತ್ತಿತ್ತು. ಆದರೂ ಆಡಿದಳು. ರಕ್ತಸಂಬಂಧ ಅಂಥದ್ದು, ಇದಕ್ಕೆ ಅವಳನ್ನು ಬೈದು ಫಲವಿಲ್ಲ.

“ರಕ್ತ ಪರೀಕ್ಷೆ ಮಾಡ್ಸಿ ಮೇಷ್ಟ್ರೇ. ಮಂಗಳನ ರಕ್ತದಲ್ಲಿ ಆ ಔಷಧ ಒಂದು ಚೂರೂ ಸಿಗಲ್ಲ. ನಾನು ಬರೆದುಕೊಡ್ತೀನಿ.”

ಶಿವನಂಜಪ್ಪ ಯೋಚಿಸಿದರು. “ಸರಿ. ಒಬ್ಬಳಿಗೆ ಮಾತ್ರ ಮಾಡ್ಸಿದ್ರೆ ನ್ಯಾಯ ಅಲ್ಲ. ನಾಳೆ ಬೆಳಿಗ್ಗೆ ನಾಲ್ಕೂ ಜನ ಹೋಗೋಣ.”

ಗುರುಶಾಂತಮ್ಮನ ಕೈ ಬಾಗಿಲ ಪಟ್ಟಿಯಿಂದ ಜಾರಿತು. ಅದೇ ಹೊತ್ತಿಗೆ ಮಂಗಳೆ ಏನೋ ಹೇಳಲು ಬಾಯಿ ತೆರೆದಳು. ಮಾತು ಬರಲಿಲ್ಲ. ಕಣ್ಣುಗುಡ್ಡೆ ಮೇಲಕ್ಕೆ ಹೋಯಿತು, ಕುತ್ತಿಗೆ ಸೆಟೆಯಿತು, ನಿಂತವಳು ನಿಂತಲ್ಲೇ ಧೊಪ್ಪನೆ ಬಿದ್ದು ಕೈಕಾಲು ಒದರತೊಡಗಿದಳು. ಇಪ್ಪತ್ತು ದಿನ ಗುಳಿಗೆ ಕಾಣದ ಮೈ, ಮೇಲೆ ಈ ಹೆದರಿಕೆ.

ರೇಣುಕಪ್ರಸಾದ ಗಾಬರಿಯಿಂದ ಗೂಡಿನಲ್ಲಿದ್ದ ಬೀಗದ ಕೈಗೊಂಚಲನ್ನು ತಂದು ಹೆಂಡತಿಯ ಮುಷ್ಟಿಗೆ ತುರುಕಲು ಹೋದ. ಮೂರ್ಛೆ ಬಂದವರ ಕೈಗೆ ಕಬ್ಬಿಣ ಕೊಡಬೇಕೆಂಬುದನ್ನು ಎಲ್ಲರಂತೆ ಅವನೂ ಕೇಳಿದ್ದ. ಗುರುಶಾಂತಮ್ಮ ಅವನನ್ನು ಆಚೆ ತಳ್ಳಿದರು.

“ಕಬ್ಬಿಣ ಬ್ಯಾಡ. ಬಾಯಿಗೂ ಏನೂ ಹಾಕಬ್ಯಾಡಿ. ದಿಂಬು ಕೊಡು.” ಸೊಸೆಯನ್ನು ಮಗ್ಗುಲಿಗೆ ಹೊರಳಿಸಿ, ಕುಪ್ಪಸದ ಗುಂಡಿ ಸಡಿಲಿಸಿ, ತಲೆಯ ಕೆಳಗೆ ದಿಂಬು ಕೊಟ್ಟರು. “ಗಡಿಯಾರ ನೋಡ್ತಿರು. ಐದು ನಿಮಿಷ ದಾಟಿದ್ರೆ ಮಾತ್ರ ಆಸ್ಪತ್ರೆಗೆ.”

ಎರಡೂವರೆ ನಿಮಿಷಕ್ಕೆ ಮಂಗಳೆಯ ಮೈ ಸಡಿಲವಾಯಿತು. ಶಿವನಂಜಪ್ಪ ಹೆಂಡತಿಯ ಕೈಗಳನ್ನೇ ನೋಡುತ್ತಿದ್ದರು. ಅಷ್ಟು ಪಳಗಿದ ಕೈ ಹೇಗೆ ಬಂತೆಂದು ಕೇಳುವ ಅಗತ್ಯ ಅವರಿಗೆ ಬೀಳಲಿಲ್ಲ.

“ಎಷ್ಟು ವರ್ಷದಿಂದ?” ಎಂದರು ಕೊನೆಗೆ.

“ಮದುವೆಗೂ ಮುಂಚಿಂದ. ಮೂವತ್ತನಾಲ್ಕು ವರ್ಷ ನಿಮ್ಮ ಜೊತೆ ಬಾಳ್ವೆ ಮಾಡಿದೀನಿ. ಯಾವತ್ತಾದ್ರೂ ನಿಮಗೆ ಕೊರತೆ ಆಯ್ತಾ? ಆ ಕಾಗದ ಬರದೇ ಇದ್ದಿದ್ರೆ ನನ್ನ ಪಾಡಿಗೆ ನಾನು ಸಾಯೋ ತನಕ ಇರ್ತಿದ್ದೆ.”

ಶಿವನಂಜಪ್ಪ ಕೂಗಾಡಲಿಲ್ಲ. ಕುರ್ಚಿಯಲ್ಲಿ ಕುಸಿದು ಕೂತು, ಕಾಗದವನ್ನು ಇನ್ನೊಮ್ಮೆ ಓದಿದರು. ಆಮೇಲೆ ಘೋಷಣಾ ಪತ್ರದಲ್ಲಿ ಮಡದಿಯ ಹೆಸರು ಬರೆದು, ರುಜು ಹಾಕಿ, ಮಡಚಿ ಗಂಗಾಂಬಿಕೆಯ ಕೈಗಿತ್ತರು. ಮಂಗಳೆ ಕಣ್ಣು ತೆರೆದಾಗ ಅವಳ ಪಕ್ಕದಲ್ಲಿ ಬಂದು ಕೂತರು.

“ಹೆದರ್ಕೋಬೇಡಮ್ಮ. ನಿನ್ನ ಯಾರೂ ತವರಿಗೆ ಕಳಿಸಲ್ಲ, ನಿನ್ನ ಅತ್ತೇನೂ ಯಾರೂ ಏನೂ ಅನ್ನಲ್ಲ. ಆದ್ರೆ ಈ ಮನೇಲಿ ಒಬ್ಬರು ಅಂತ ರುಜು ಹಾಕಿಕೊಟ್ಟಿದ್ದೀನಿ. ಇಬ್ಬರು ಅಂತ ಬಂದ್ರೆ ವಂಶರೋಗದ ಮನೆ ಅಂತ ಮುದ್ರೆ ಬೀಳತ್ತೆ. ನೀನು ಹೊರಗಿಂದ ಬಂದೋಳು, ಅತ್ತೆಗೂ ನಿನಗೂ ರಕ್ತಸಂಬಂಧ ಇಲ್ಲ ಅಂತ ಯಂತ್ರಕ್ಕೆ ಗೊತ್ತಾಗಲ್ಲ. ನಾಳೆ ಹುಟ್ಟೋ ಮಕ್ಕಳಿಗೆ ಯಾರು ಹೆಣ್ಣು ಕೊಡ್ತಾರೆ, ಯಾರು ತಗೊಳ್ತಾರೆ? ಬರೋ ತಿಂಗಳೂ ಒಬ್ಬರೇ ಇರಬೇಕು. ನೀನು ಆ ಗುಳಿಗೆ ಮುಟ್ಟಬೇಡ.”

“ಮೇಷ್ಟ್ರೇ, ಗುಳಿಗೆ ಇಲ್ದೆ ಇದ್ರೆ ಅವಳ ಪ್ರಾಣಕ್ಕೇ ಸಂಚಕಾರ,” ಎಂದಳು ಗಂಗಾಂಬಿಕೆ. “ಈಗ ತಾನೇ ನೋಡಿದ್ರಲ್ಲ.”

“ರಕ್ತದಲ್ಲಿ ಒಂದು ಚೂರೂ ಸಿಗಲ್ಲ ಅಂದ್ರಲ್ಲ, ಅವಳು ಗುಳಿಗೆ ನಿಲ್ಸಿದ್ದು ಯಾರ ಮಾತು ಕೇಳಿ?”

ರೇಣುಕಪ್ರಸಾದ ಬೀಗದ ಕೈಗೊಂಚಲನ್ನು ಹಿಡಿದುಕೊಂಡೇ ನೆಲ ನೋಡುತ್ತಿದ್ದ. ಅಪ್ಪ ಹೇಳಿದ್ದು ಅವನಿಗೆ ಸರಿಯೆನ್ನಿಸಿತೋ ತಪ್ಪೆನ್ನಿಸಿತೋ ತಿಳಿಯಲಿಲ್ಲ.

ಗಂಡಸರು ಜಗಲಿಗೆ ಎದ್ದುಹೋದ ಮೇಲೆ ಗುರುಶಾಂತಮ್ಮ ದೇವರ ಗೂಡಿಗೆ ಕೈಹಾಕಿ, ವಿಭೂತಿ ಗಟ್ಟಿಗಳ ಹಿಂದಿನಿಂದ ಒಂದು ಗುಳಿಗೆ ತೆಗೆದರು. ಮಂಗಳೆ ನುಂಗುತ್ತಿದ್ದದ್ದೂ ಅದೇ ಗುಳಿಗೆ. ಎರಡು ವರ್ಷ ಅತ್ತೆ ಸೊಸೆ ಒಂದೇ ಸೂರಿನ ಕೆಳಗೆ, ಒಬ್ಬರಿಗೊಬ್ಬರು ತಿಳಿಯದಂತೆ, ಅದನ್ನೇ ಬಚ್ಚಿಟ್ಟು ನುಂಗಿದ್ದರು.

“ಬೀಗರೇ, ಆ ಯಂತ್ರ ಜನ ಎಣಿಸತ್ತೋ, ಗುಳಿಗೆ ಎಣಿಸತ್ತೋ?” ಎಂದು ಕೇಳಿದರು.

ಗಂಗಾಂಬಿಕೆಗೆ ಸುಳ್ಳು ಹೇಳಿಬಿಡಬೇಕೆನ್ನಿಸಿತು. “ತೂಕ ಅಷ್ಟೇ ನೋಡತ್ತೆ,” ಎಂದಳು.

ಗುರುಶಾಂತಮ್ಮ ಗುಳಿಗೆಯನ್ನು ಉಗುರಿನಿಂದ ಒತ್ತಿ ಎರಡು ಹೋಳು ಮಾಡಿ, ಒಂದನ್ನು ಸೊಸೆಯ ಅಂಗೈಯಲ್ಲಿಟ್ಟರು. “ಬೆಳಿಗ್ಗೆ ಅರ್ಧ, ಸಂಜೆ ಅರ್ಧ. ನನ್ನ ಪಾಲಲ್ಲೇ ಇಬ್ರೂ ಕಳೆಯೋಣ. ನೀನು ಬಿದ್ರೆ ನಾನು ಹಿಡ್ಕೋತೀನಿ. ನಾನು ಬಿದ್ರೆ ಹೆಂಗೆ ಹಿಡೀಬೇಕು ಅಂತ ನಿಂಗೆ ಹೇಳಿಕೊಡ್ತೀನಿ.”

ಮಂಗಳೆ ಅರ್ಧ ಗುಳಿಗೆಯನ್ನು ನೋಡುತ್ತಾ ಕೂತಳು. ಅವಳ ನಾಲಿಗೆ ಇನ್ನೂ ತೊದಲುತ್ತಿತ್ತು.

“ಇಬ್ರೂ ಒಂದೇ ಸಲ ಬಿದ್ರೆ ಅತ್ತೆ?”

ಗುರುಶಾಂತಮ್ಮ ಎದ್ದುಹೋಗಿ ಒಂದು ಲೋಟ ನೀರು ತಂದು ಸೊಸೆಯ ಮುಂದಿಟ್ಟರು.