ಪುಕ್ಕಲನ ಕೊನೆಯ ಕಂತು

"ಈ ಪುಕ್ಕಲ ನಾನೇ ತಾನೆ?"

ಕಾವ್ಯಶ್ರೀ ಬಸ್ಸಿಳಿದು ಬ್ಯಾಗು ಕೆಳಗಿಡುವ ಮೊದಲೇ ಬಂದ ಪ್ರಶ್ನೆ! ಕೊಡ್ಲಿಪೇಟೆಯ ತನ್ನ ದಿನಸಿ ಅಂಗಡಿಯ ಮೆಟ್ಟಿಲ ಮೇಲೆ ಪ್ರವೀಣ್ ನಿಂತಿದ್ದ. ಕೈಯಲ್ಲಿ ಮೊಬೈಲು, ಅದರಲ್ಲಿ ಅವಳು ಬರೆಯುತ್ತಿರುವ ದೆವ್ವದ ಧಾರಾವಾಹಿ.

ಎರಡು ವರ್ಷದ ಮೇಲೆ ನೋಡುತ್ತಿದ್ದಾಳೆ... ಅದೇ ಗುಂಗುರು ಕೂದಲು, ಅದೇ ಕಣ್ಣು. ನಗು ಮಾತ್ರ ಇಲ್ಲ.

"ಹೂಂ... ನೀನೇ," ಎಂದಳು. ಇವನೆದುರು ಅವಳಿಗೆ ಎಂದೂ ಸುಳ್ಳು ಬಂದದ್ದಿಲ್ಲ.

"ಸಂತೆಗೆ ಬಂದೋರೆಲ್ಲ 'ಪುಕ್ಕಲರಾಯ್ರೇ, ಅರ್ಧ ಕೇಜಿ ಸಕ್ಕರೆ ಕೊಡಿ' ಅಂತಾರೆ ಕಣೆ! ಇನ್ಮೇಲೆ ನಿಮ್ಮನೆ ಹೊಸ್ತಿಲು ತುಳಿಯಲ್ಲ. ನಾಳೆ ಎಡೆಗೂ ಬರಲ್ಲ!"

ಅಯ್ಯೋ! ಅವಳು ಊರಿಗೆ ಬಂದದ್ದೇ ಅವನಿಗೆ ಒಂದು ಮಾತು ಹೇಳಲು. 'ನಿನ್ನನ್ನು ಬಿಟ್ಟು ಇರೋಕಾಗಲ್ಲ ಕಣೋ' ಅನ್ನುವ ಮಾತು. ಈಗ ಹೇಳುವುದು ಹೇಗೆ?

ಅವಳು ಬರೆಯಲು ಕಲಿತದ್ದೇ ಈ ಅಂಗಡಿಯಲ್ಲಿ. ಪ್ರವೀಣನ ಅಪ್ಪ ಹಳೇ ಮಾಂತ್ರಿಕ ಕಾದಂಬರಿಗಳನ್ನು ತೂಕಕ್ಕೆ ತಂದು, ಹಾಳೆ ಹರಿದು ಪೊಟ್ಟಣ ಕಟ್ಟುತ್ತಿದ್ದರು. ಬೇಳೆ ಡಬ್ಬಿಗೆ ಹೋದರೆ ಹಾಳೆ ಕಾವ್ಯಳ ಕೈಗೆ. ದೆವ್ವ ಬಾಗಿಲು ತಟ್ಟಿತು... ಮುಂದೆ? ಮುಂದಿನ ಹಾಳೆ ಯಾರದೋ ಮನೆಯ ಮೆಣಸಿನಕಾಯಿ ಜೊತೆ ಹೋಗಿರುತ್ತಿತ್ತು! ಆಮೇಲಾಮೇಲೆ ಪ್ರವೀಣನೇ ಅಪ್ಪನ ಕಣ್ಣು ತಪ್ಪಿಸಿ ಅವಳಿಗಾಗಿ ಹಾಳೆ ತೆಗೆದಿಡುತ್ತಿದ್ದ. ಕೊನೇ ಪುಟ ಸಿಗದಿದ್ದರೆ ಇಬ್ಬರೂ ಸಕ್ಕರೆ ಮೂಟೆಯ ಮೇಲೆ ಕೂತು ತಾವೇ ಕತೆ ಕಟ್ಟುತ್ತಿದ್ದರು.

ಎಂಥ ದಿನಗಳವು!

ಮರುದಿನ ಮಹಾಲಯ ಅಮಾವಾಸ್ಯೆ. ಅಜ್ಜಿ ಚನ್ನಬಸಮ್ಮ ತೀರಿಹೋದ ಗಂಡನಿಗೆ ಬಾಳೆಲೆಯಲ್ಲಿ ಎಡೆ ಬಡಿಸಿ, ಕೋಣೆಯ ಬಾಗಿಲು ಹಾಕಿದಳು. ಹಿರಿಯರು ಬಂದು ಉಂಡುಹೋಗಲಿ ಎಂದು. ಮತ್ತೆ ಬಾಗಿಲು ತೆಗೆಯುವ ಮೊದಲು ತಟ್ಟಲೇಬೇಕು.

"ನಿಮ್ಮಜ್ಜ ಸಂಕೋಚದ ಮನುಷ್ಯ ಕಣವ್ವ. ಉಣ್ಣೋವಾಗ ಯಾರಾದ್ರೂ ನುಗ್ಗಿದ್ರೆ ಅರ್ಧಕ್ಕೇ ಎದ್ಬಿಡ್ತಾರೆ. ವರ್ಷಾವರ್ಷ ಪ್ರವೀಣನೇ ತಟ್ಟೋದು. ಎಲ್ಲವ್ವ ಅವ್ನು?"

"ನನ್ ಮೇಲೆ ಕೋಪ ಅಜ್ಜಿ..."

"ಕೋಪ ಬರ್ಸಿದೋಳು ನೀನು. ಹೋಗಿ ಕರ್ಕೊಂಡು ಬಾ!"

ಅಂಗಡಿಯಲ್ಲಿ ಪ್ರವೀಣ್ ತಲೆ ಎತ್ತದೆ ಅವಲಕ್ಕಿ ತೂಗುತ್ತಿದ್ದ.

"ಕೊನೇ ಕಂತು ಇನ್ನೂ ಹಾಕಿಲ್ಲ. ನೀನು ಮೊದಲು ಕೇಳು," ಎಂದಳು ಕಾವ್ಯ.

"ಬೇಡ."

"ಅಜ್ಜನ ಮೊದಲ ಎಡೆ ದಿನ. ಅಜ್ಜನ್ನ ಒಂದ್ಸಲ ನೋಡ್ಬೇಕು ಅಂತ ಒಬ್ಬಳು ಹುಡುಗಿ ಆ ಕೋಣೇಲಿ ಭತ್ತದ ಪೆಟ್ಟಿಗೆ ಹಿಂದೆ ಅಡಗಿ ಕೂತಿದ್ಲು. ಒಬ್ಬಳೇ ಹೋಗ್ಬೇಡ ಅಂತ ಪುಕ್ಕಲನೂ ಬಂದ. ಹೊರಗಿಂದ ಬಾಗಿಲು ಹಾಕಿದ್ರು. ಗಡಗಡ ನಡುಗಿದ, ಅತ್ತ... ಆದ್ರೂ ಅವಳ ಮುಂದೆ ಅಡ್ಡ ಕೂತಿದ್ದ. ಬಾಗಿಲು ತೆಗೆದ ತಕ್ಷಣ ಕಿರುಚ್ಕೊಂಡು ಓಡಿದ. ಎಲ್ರೂ ಅವನ ಹಿಂದೆ ಓಡಿದ್ರು, ಹುಡುಗಿ ಮೆಲ್ಲಗೆ ತಪ್ಪಿಸ್ಕೊಂಡ್ಲು."

ತಕ್ಕಡಿ ಹಿಡಿದ ಕೈ ನಿಂತಿತು.

"ಬೈಗುಳ, ನಗು, ಕೆಟ್ಟ ಹೆಸರು... ಎಲ್ಲ ಅವನಿಗೇ. ಅವಳ ಹೆಸರನ್ನ ಅವನು ಇವತ್ತಿಗೂ ಹೇಳಿಲ್ಲ." ಅವಳು ಒಂದು ಹೆಜ್ಜೆ ಮುಂದೆ ಬಂದಳು. "ನಿಮ್ಮಪ್ಪನ ಪೊಟ್ಟಣದಲ್ಲಿ ಬರ್ತಿದ್ದ ನಾಯಕರೆಲ್ಲ ಕತ್ತಿ ಹಿಡಿದು ದೆವ್ವ ಓಡ್ಸೋರು. ಅವರಲ್ಲಿ ಒಬ್ಬರ ಮೇಲೂ ನನಗೆ ಮನಸ್ಸಾಗಲಿಲ್ಲ ಕಣೋ. ನನಗೆ ಬೇಕಾದೋನು ಹೆದರ್ಕೊಂಡೂ ನನ್ ಪಕ್ಕ ಕೂತಿದ್ದೋನು. ಪ್ರೀತಿ ಮಾಡ್ತೀನಿ ನಿನ್ನ!"

ಅಂಗಡಿಗೆ ಬಂದಿದ್ದ ಹೆಂಗಸೊಬ್ಬಳು ಚೀಲ ಹಿಡಿದು ಬೆರಗಾಗಿ ನಿಂತಿದ್ದಳು. ಪ್ರವೀಣನ ಮುಖ ಕೆಂಪೇರಿತು.

"ಮತ್ತೆ... ಕೊನೇಲಿ ಏನಾಗುತ್ತೆ?"

"ಕೊನೇ ಪುಟ ಯಾವತ್ತೂ ಇಬ್ರೂ ಸೇರೇ ತಾನೆ ಕಟ್ತಿದ್ದಿದ್ದು?"

ಅವನು ಅಂಗಡಿ ಬಾಗಿಲು ಎಳೆದ. ಪಾಪ, ಆ ಹೆಂಗಸಿನ ಅವಲಕ್ಕಿ ಅಲ್ಲೇ ಉಳಿಯಿತು!

ಮುಚ್ಚಿದ ಕೋಣೆಯ ಮುಂದೆ ಇಬ್ಬರೂ ನಿಂತರು. ಪ್ರವೀಣ್ ಕೆಮ್ಮಿ, ಮೂರು ಸಲ ತಟ್ಟಿದ.

"ಅಜ್ಜಾ... ಊಟ ಆಯ್ತಾ? ಒಂದು ಮಾತು ಕೇಳ್ಬೇಕಿತ್ತು. ಕಾವ್ಯನ್ನ ನನಗೆ ಕೊಡ್ತೀರಾ?"

ಠಣ್! ಒಳಗೆ ಲೋಟ ಉರುಳಿತು. ಬೆಕ್ಕೋ, ಅಜ್ಜನೋ, ಯಾರಿಗೆ ಗೊತ್ತು!

"ಅಯ್ಯಮ್ಮಾ!" ಎಂದು ಕಿರುಚಿದ ನಮ್ಮ ನಾಯಕ. ಆದರೆ ಹಿಡಿದ ಅವಳ ಕೈ ಬಿಡಲಿಲ್ಲ.

"ಒಪ್ಕೊಂಡ್ರು ಬಿಡ್ಲಾ," ಎಂದಳು ಅಜ್ಜಿ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ. "ಬಾಗಿಲು ತೆಗೀರಿ, ಹಸಿವಾಗ್ತೈತೆ."

ಕಾವ್ಯ ಅವನ ಕಿವಿಯ ಹತ್ತಿರ ಬಾಗಿದಳು. "ಈ ಸಲ ಓಡ್ಲಿಲ್ವಲ್ಲೋ?"

"ಆವತ್ತು ಓಡಿದ್ದು ನೀನು ತಪ್ಪಿಸ್ಕೊಳ್ಲಿ ಅಂತ. ಈಗ ನೀನಿನ್ನೂ ಇಲ್ಲೇ ಇದ್ದೀಯಲ್ಲೇ..."