ಬೇಕಂತಲೇ ಸೋತವನು

ನಾಲ್ಕನೇ ಆಟದಲ್ಲೂ ವಜ್ದಿ ಸೋತಾಗ ಇನಾಸ್‌ಗೆ ಖುಷಿಯಾಗಲಿಲ್ಲ, ಅನುಮಾನ ಬಂತು.

ಪ್ಲೇಸ್ಟೇಷನ್ ಹೊತ್ತು ತಂದವನೇ ಅವನು. ಹೆಣ್ಣು ನೋಡಿ ಹೋದ ಮೇಲೆ ಪ್ರತಿ ಶುಕ್ರವಾರ ಹುಡುಗಿ ಮನೆಯ ಹಾಲ್‌ನಲ್ಲಿ, ಅವಳ ಅಮ್ಮನ ಎದುರಿಗೇ ಕೂತು ಮಾತಾಡುವುದಾದರೂ ಎಷ್ಟು? ಅದಕ್ಕೇ ಈ ಫುಟ್‌ಬಾಲ್ ಗೇಮ್. ಪಾಸಿಗೆ ಯಾವ ಬಟನ್, ಗೋಲಿಗೆ ಯಾವುದು ಎಂದು ಕಲಿಸುವಾಗ ಅವನ ಬೆರಳು ಅವಳ ಬೆರಳಿಗೆ ತಾಕಿತ್ತು. ಅಮ್ಮ ಕೆಮ್ಮಿದ್ದಳು.

"ಇಡೀ ಅಲೆಕ್ಸಾಂಡ್ರಿಯಾದಲ್ಲಿ ಇಂಥ ಗೋಲ್‌ಕೀಪರ್ ಇರಲ್ಲಪ್ಪ," ಎಂದಳು ಅಮ್ಮ, ಮೊಲೊಖಿಯಾ ಸೊಪ್ಪು ಬಿಡಿಸುತ್ತಾ. "ಊಟ ಮಾಡಿ ಮಲಗಿದಾನಾ ಹೇಗೆ?"

ಮುಂದಿನ ಶುಕ್ರವಾರ ಎರಡೂ ಮನೆಯವರು ಕೂತು ಫಾತಿಹಾ ಓದಿ ಸಂಬಂಧ ಗಟ್ಟಿ ಮಾಡುವವರಿದ್ದರು. ಅಷ್ಟರಲ್ಲಿ ಇನಾಸ್ ಹೂಂ ಅನ್ನಬೇಕು, ಇಲ್ಲ ಉಹೂಂ ಅನ್ನಬೇಕು. ಇದಕ್ಕೆ ಮುಂಚೆ ಬಂದಿದ್ದವನು ಮಾತಲ್ಲೇ ಮನೆ ಕಟ್ಟಿದ್ದ. ಫ್ಲ್ಯಾಟ್ ರೆಡಿ, ಬಣ್ಣವೊಂದೇ ಬಾಕಿ ಅಂದಿದ್ದ. ಹೋಗಿ ನೋಡಿದರೆ ಅಲ್ಲಿ ಬರೀ ಮರಳು ಬಿದ್ದಿತ್ತು. ಅಂದಿನಿಂದ ಸಿಹಿಮಾತು ಕೇಳಿದರೆ ಅವಳ ಮೈ ಉರಿಯುತ್ತಿತ್ತು.

ಐದನೇ ಆಟದಲ್ಲಿ ಅವಳು ಟಿವಿಯನ್ನು ಅರೆಗಣ್ಣಲ್ಲಿ ನೋಡುತ್ತಾ, ಪಕ್ಕದ ಗಾಜಿನ ಬೀರುವಿನ ಮೇಲೆ ಕಣ್ಣಿಟ್ಟಳು. ಪಿಂಗಾಣಿ ಕಪ್ಪುಗಳ ಮುಂದೆ, ಗಾಜಿನಲ್ಲಿ, ವಜ್ದಿಯ ಕೈ ಕಾಣುತ್ತಿತ್ತು. ಅವಳು ಗೋಲಿನ ಹತ್ತಿರ ಬಂದದ್ದೇ ತಡ, ಅವನ ಹೆಬ್ಬೆರಳು ಮೆಲ್ಲಗೆ ಬಟನ್ನಿನಿಂದ ಮೇಲೆದ್ದಿತು. ಕಣ್ಣಂತೂ ಟಿವಿ ಕಡೆ ಇರಲೇ ಇಲ್ಲ, ಅವಳ ಮುಖದ ಮೇಲಿತ್ತು.

"ಯಾಕೆ ಬಿಟ್ರಿ?"

"ಏನನ್ನ?"

"ಬಟನ್‌ನ."

ಅವನ ಕಿವಿ ಕೆಂಪಾಯಿತು. "ಗೆದ್ದಾಗ ನಿಮ್ಮ ಕೆನ್ನೇಲಿ ಗುಳಿ ಬೀಳುತ್ತೆ. ಅದನ್ನ ನೋಡೋಕೆ."

ಇನಾಸ್‌ಳ ಎದೆ ಕರಗಿತು. ಮರುಕ್ಷಣವೇ ಹೆದರಿಕೆಯಾಯಿತು. ಹಿಂದಿನವನೂ ಹೀಗೇ ಚೆಂದ ಮಾತಾಡುತ್ತಿದ್ದ.

"ನನ್ನ ಖುಷಿಗೆ ಅಂತ ಸುಳ್ಳು ಹೇಳೋರು ನಂಗೆ ಬೇಡ. ಒಬ್ಬನ್ನ ನೋಡಿ ಸಾಕಾಗಿದೆ. ನಿಜವಾಗಿ ಆಡಿ, ಇಲ್ಲಾಂದ್ರೆ ಪ್ಲೇಸ್ಟೇಷನ್ ಎತ್ಕೊಂಡು ಹೊರಡಿ."

"ಸೋತ್ರೆ ಮುನಿಸ್ಕೊಳ್ಳಲ್ವಾ?"

"ಮುನಿಸ್ಕೊಂಡ್ರೂ ಆಡಿ."

ವಜ್ದಿ ಅಂಗಿಯ ತೋಳು ಮಡಚಿಕೊಂಡ. ಆಮೇಲೆ ಅವಳ ಕಡೆಯವರಿಗೆ ಚೆಂಡಿನ ಮುಖವೇ ಕಾಣಲಿಲ್ಲ. ಗೋಲಿನ ಮೇಲೆ ಗೋಲು.

"ಒಂದಾದ್ರೂ ಬಿಡಪ್ಪ," ಎಂದಳು ಅಮ್ಮ. "ಹುಡುಗಿ ಅತ್ತುಬಿಡ್ತಾಳೆ."

"ಇಲ್ಲ ಆಂಟಿ, ಬಿಡಲ್ಲ."

ಇನಾಸ್‌ಗೆ ಸಿಟ್ಟು ಬಂದಿದ್ದು ನಿಜ. ಆದರೆ ಇಷ್ಟು ದಿನ ಒಳಗೆ ಬಿಗಿದುಕೊಂಡಿದ್ದ ಏನೋ ಒಂದು ಸಡಿಲವಾದದ್ದೂ ಅಷ್ಟೇ ನಿಜ. ಆದರೂ ಪೂರ್ತಿ ನಂಬಿಕೆ ಬರಲಿಲ್ಲ.

"ಇನ್ನೊಂದು ಕೇಳ್ತೀನಿ. ಮೊದಲನೇ ದಿನ ರವೆಯ ಬಸ್ಬೂಸಾ ಮೂರು ತುಂಡು ತಿಂದು ಹೊಗಳಿದ್ರಲ್ಲ, ಹೇಗಿತ್ತು?"

ಅವನು ಅವಳ ಮುಖ ನೋಡಿದ. "ಕಲ್ಲು. ದವಡೆ ಹಲ್ಲು ಇನ್ನೂ ನೋಯುತ್ತೆ."

ಸೊಪ್ಪು ಬಿಡಿಸುತ್ತಿದ್ದ ಕೈ ನಿಂತಿತು. "ಅದು ನಾನು ಮಾಡಿದ್ದು," ಎಂದಳು ಅಮ್ಮ.

ಎಲ್ಲಾ ಮುಗಿಯಿತೆಂದು ವಜ್ದಿ ಕಣ್ಣು ಮುಚ್ಚಿಕೊಂಡ. ಪಕ್ಕದಲ್ಲಿ ನಗು ಕೇಳಿ ತೆರೆದ. ಸೋತು ಸುಣ್ಣವಾದ ಇನಾಸ್‌ಳ ಕೆನ್ನೆಯಲ್ಲಿ ಗುಳಿ ಬಿದ್ದಿತ್ತು.

"ಅಮ್ಮ, ಅಪ್ಪಂಗೆ ಹೇಳು," ಎಂದಳು ಅವನನ್ನೇ ನೋಡುತ್ತಾ. "ಶುಕ್ರವಾರ ಇವರ ಮನೆಯವರು ಬರಲಿ. ನಂಗೆ ಒಪ್ಪಿಗೆ."

"ಬರಲಿ, ಬರಲಿ," ಎಂದಳು ಅಮ್ಮ. "ಬಸ್ಬೂಸಾ ನಾನೇ ಮಾಡ್ತೀನಿ."